ಈ ಪತ್ರ ಒದಿರಿ

ಶಹಾಡ್
ಕಲ್ಯಾಣದ ಹತ್ತಿರ, ಮುಂಬಯಿ
೧೨ ಫೆಬ್ರುವರಿ ೧೯೮೧

ಪೂಜ್ಯ ಅಣ್ಣ ಸಿದ್ದಲಿಂಗಪ್ಪ ಮಾಸ್ತರರಿಗೆ ತಂಗಿ ರುದ್ರವ್ವ ಮಾಡುವ ಶರಣು ಶರಣಾರ್ಥಿ.

ನಾವು ಇಲ್ಲಿ ಕ್ಷೇಮ. ಇವರಿಗೆ ಹೊಟ್ಟೆಯ ಆಪರೇಶನ್ ಆಗಿ ಮೂರು ತಿಂಗಳಾಯಿತು. ಸೋಮವಾರದಿಂದ ನೂಲಿನ ಕಂಪನಿಗೆ ಹೋಗಲಿಕ್ಕೆ ಶುರು ಮಾಡಿದ್ದಾರೆ. ಭಾರ ಎತ್ತಬಾರದು ಎಂದು ಡಾಕ್ಟ್ರು ಹೇಳಿದ ಕಾರಣ ಗೇಟಿನ ಹತ್ತಿರ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ. ಇವರು ಮಲಗಿದ್ದಾಗ ನಾನು ನಮ್ಮ ಕಡೆಯ ಕೆಲಸಗಾರರ ಖೋಲಿಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಮನೆ ನಡೆಸಿದೆ. ಈಗಲೂ ಬಿಡಲಿಲ್ಲ. ದವಾಖಾನೆಯಲ್ಲಿ ನನಗೆ ಏನೂ ತೊಂದರೆ ಆಗಲಿಲ್ಲ. ನೀವು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಇಂತಿ ತಂಗಿ ರುದ್ರವ್ವ

ಮಾಸ್ಟ್ರೇ ನಮಸ್ಕಾರ. ರುದ್ರಕ್ಕ ಹೇಳಿದ್ದನ್ನು ಬರೆದುಕೊಡುವ ವಾರಿಜ ನಾನು, ಪಕ್ಕದ ಖೋಲಿ. ನಮ್ಮವರಿಗೆ ಮಹಾಪೆಯಲ್ಲಿ ಒಂದು ಕಂಪನಿಯ ಕ್ಯಾಂಟೀನ್ ಸಿಕ್ಕಿದೆ. ಮುಂದಿನ ತಿಂಗಳು ನಾವು ಅಲ್ಲಿಗೆ ಹೋಗುವುದು. ಐದು ವರ್ಷ ನೀವು ನನ್ನ ಪತ್ರಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ತಿದ್ದಿ ವಾಪಸು ಕಳಿಸಿದ್ದು ನೋಡಿ, ನಾನು ಎಸ್ಸೆಸ್ಸೆಲ್ಸಿ ಮತ್ತೊಮ್ಮೆ ಕೂತ ಹಾಗೆ ಆಗಿದೆ ಮಾರಾಯ್ರೇ.


ಸಣ್ಣಬೇವೂರ, ತಾ. ಇಂಡಿ, ಜಿ. ವಿಜಾಪುರ
೧ ಮಾರ್ಚ್ ೧೯೮೧

|| ಶ್ರೀ ಬಸವೇಶ್ವರ ಪ್ರಸನ್ನ ||

ಚಿ. ಸೌ. ರುದ್ರವ್ವಳಿಗೆ ಅಣ್ಣ ಸಿದ್ದಲಿಂಗಪ್ಪನ ಅನೇಕ ಆಶೀರ್ವಾದಗಳು. ನಿನ್ನ ಪತ್ರ ತಲುಪಿತು. ಶಿವಪುತ್ರಪ್ಪನವರು ಗುಣಮುಖರಾದದ್ದು ಸಂತೋಷ.

ಸೌ. ವಾರಿಜಾ ಅವರ ಕೈಬರಹ ಮುದ್ದಾಗಿದೆ. ಆದರೆ ‘ಹೋಗುವುದು’ ಎಂದರೆ ಯಾರು ಹೋಗುವುದು? ಕರ್ತೃವಿಗೆ ತಕ್ಕ ಕ್ರಿಯಾಪದ ಬೇಡವೇ? ಮೂರು ಕಡೆ ಗುರುತು ಮಾಡಿ ಪತ್ರವನ್ನು ಇದರೊಡನೆ ಹಿಂದಿರುಗಿಸಿದ್ದೇನೆ. ಬೇಸರಪಡಬಾರದೆಂದು ಅವರಿಗೆ ತಿಳಿಸು. ತಪ್ಪನ್ನು ಕಂಡೂ ತಿದ್ದದೆ ಬಿಟ್ಟರೆ ನನಗೆ ಉಂಡ ಅನ್ನ ಅರಗುವುದಿಲ್ಲ.

ನನ್ನ ನಿವೃತ್ತಿಗೆ ಇನ್ನು ಎರಡೇ ವರ್ಷ. ಅಷ್ಟರೊಳಗೆ ನಮ್ಮ ಊರಿನಲ್ಲಿ ಹೆಬ್ಬೆಟ್ಟು ಒತ್ತುವವರು ಒಬ್ಬರೂ ಉಳಿಯಬಾರದೆಂದು ಪಣ ತೊಟ್ಟಿದ್ದೇನೆ. ಕುರಿ ಕಾಯುವ ಸೈದಪ್ಪನನ್ನು ನೀನು ಬಲ್ಲೆ. ಅರವತ್ತು ದಾಟಿದ ಆ ಮುದುಕ ಮೊನ್ನೆ ಸೊಸೈಟಿಯ ಕಾಗದಕ್ಕೆ ತನ್ನ ಹೆಸರು ಬರೆದು, ಬರೆದದ್ದನ್ನು ತಾನೇ ನೋಡುತ್ತ ನಿಂತುಬಿಟ್ಟ. ಮೂವತ್ತೈದು ವರ್ಷದ ನನ್ನ ಮಾಸ್ತರಕಿಯ ಸಾರ್ಥಕತೆ ಅದು.

ಶಿವಪುತ್ರಪ್ಪನವರು ಓದಬಲ್ಲರು, ಆದರೆ ಬರೆಯಲು ಅವರ ಕೈ ಹೊರಳದು. ವಾರಿಜಾ ಅವರು ಹೋದ ಮೇಲೆ ಪತ್ರ ಬರೆಯಿಸಲು ಶುದ್ಧ ಬರಹದವರನ್ನು ಯಾರನ್ನಾದರೂ ಹುಡುಕಿಕೋ.

ಇಂತಿ ನಿನ್ನ ಅಣ್ಣ
ಸಿದ್ದಲಿಂಗಪ್ಪ


ಶಹಾಡ್
೨೦ ಆಗಸ್ಟ್ ೧೯೮೧

ವಾರಿಜಾ ತಂಗೀ,

ಈ ಪತ್ರ ಮರಾಠಿ ಅಕ್ಷರದಾಗ ಅದ ಅಂತ ಗಾಬರಿ ಆಗಬ್ಯಾಡ. ಅಕ್ಷರ ಮರಾಠಿ, ಮಾತು ಕನ್ನಡ. ಬಾಯಿ ಬಿಟ್ಟು ಓದು, ತಿಳೀತದ. ಬರದಾಕಿ ನಾನ.

ಹೌದವ್ವಾ, ನಾನ! ನೀ ಹೋದ ಮ್ಯಾಲೆ ಸಮಾಜ ಮಂದಿರದಾಗ ದೊಡ್ಡ ಹೆಣ್ಣುಮಕ್ಕಳ ಸಾಲಿ ಸುರು ಆತು. ಮಧ್ಯಾಹ್ನ ಎರಡರಿಂದ ನಾಕರ ತನಕ, ರೊಟ್ಟಿ ಬಡದು ಮುಗಿಯೂ ಹೊತ್ತಿಗೆ. ಕಲಸೂ ಬಾಯಿ, ಅಂದ್ರ ಅಕ್ಕೋರು, ಮರಾಠಿಯಾಕಿ, ಹಿಂಗಾಗಿ ಮರಾಠಿ ಅಕ್ಷರಾನ ಕಲಸಿದಳು. ನಾಕು ತಿಂಗಳಾತು. ಇವರಿಗೆ ಗೊತ್ತದ, ಆದ್ರ ಸಹಿ ಒಂದ ಕಲೀತೀನಿ ಅಂತ ತಿಳಕೊಂಡಾರ.

ನಿನಗೂ ಹೇಳದ್ದೊಂದು ಹೇಳ್ತೀನಿ. ಇವರ ಆಪರೇಶನ್ ದಿವಸ ದವಾಖಾನ್ಯಾಗ ಕಾಗದಕ್ಕ ಹೆಬ್ಬೆಟ್ಟು ಒತ್ತಂದ್ರು. ಏನು ಬರದದ ಅಂತ ಕೇಳಿದೆ. ಆ ಕಾರಕೂನ ನನ್ನ ಹೆಬ್ಬೆಟ್ಟು ಹಿಡದು, ಶಾಯಿಗೆ ತಿಕ್ಕಿ, ಕಾಗದಕ್ಕ ಒತ್ತಿ ಬಿಟ್ಟ. ಆಮ್ಯಾಲೆ ತನ್ನ ಕೈ ವರಸಿಕೊಂಡ. ಶಾಯಿ ಹತ್ತಿದ್ದು ನನಗ, ವರಸಿಕೊಂಡಾಂವ ಅವಾ. ಆವತ್ತು ನನಗ ಆದ ನಾಚಿಕಿ ಯಾರ ಮುಂದೂ ಹೇಳಿಲ್ಲ. ಅಣ್ಣಗ ನೀನ ಬರದಿ, ಏನೂ ತೊಂದರಿ ಆಗಲಿಲ್ಲಂತ.

ಈಗ ಅಣ್ಣಗ ನನ್ನ ಕೈಲೆ ಒಂದು ಪತ್ರ ಬರದು ಹಾಕೀನಿ. ಮೊದಲನೇ ಸಾಲಿನ್ಯಾಗ ‘ಅಣ್ಣಾ, ಇದು ನನ್ನ ಕೈ’ ಅಂತ ಬರದೀನಿ. ಇಡೀ ಊರಿಗೆ ಅಕ್ಷರ ಕಲಿಸಿದಾಂವ ಅವಾ. ಓದಿದರ ಹ್ಯಾಂಗ ಆಗಬಾರದು! ದಿನಾ ಪೋಸ್ಟಮನ್ ದಾರಿ ಕಾಯ್ತೀನಿ.

ನಿನ್ನ ರುದ್ರಕ್ಕ


ಸಣ್ಣಬೇವೂರ
೧೦ ಸೆಪ್ಟೆಂಬರ್ ೧೯೮೧

|| ಶ್ರೀ ಬಸವೇಶ್ವರ ಪ್ರಸನ್ನ ||

ಚಿ. ಸೌ. ರುದ್ರವ್ವಳಿಗೆ ಆಶೀರ್ವಾದಗಳು.

ನಿನ್ನ ಹೆಸರಿನಿಂದ ಬಂದ ಪತ್ರವನ್ನು ಇದರೊಳಗೆ ಇಟ್ಟು ಹಿಂದಿರುಗಿಸಿದ್ದೇನೆ. ಬಿಡಿಸಿದೊಡನೆ ಮರಾಠಿಯ ಬಾಳಬೋಧ ಅಕ್ಷರ ಕಂಡೆ, ಮಡಚಿಬಿಟ್ಟೆ. ಓದಲಾರದೆ ಅಲ್ಲ. ಮುಂಬಯಿ ಇಲಾಖೆಯ ಕಾಲದಲ್ಲಿ ಮರಾಠಿ ಪರೀಕ್ಷೆ ಪಾಸಾದವನು ನಾನು. ಆದರೆ ಏಕೀಕರಣದ ಕಾಲಕ್ಕೆ ಕನ್ನಡಕ್ಕಾಗಿ ಲಾಠಿ ತಿಂದವನ ಮನೆಗೆ, ಅವನ ಒಡಹುಟ್ಟಿದವಳೇ ಮರಾಠಿಗರ ಕೈಯಿಂದ ಪತ್ರ ಬರೆಯಿಸುವುದೇ? ಅಷ್ಟು ದೊಡ್ಡ ಶಹರದಲ್ಲಿ ಕನ್ನಡ ಬರೆಯುವವರು ಒಬ್ಬರೂ ಸಿಗಲಿಲ್ಲವೇ? ನಮ್ಮ ಅಂಚೆಯಣ್ಣ ‘ಮಾಸ್ತರರ ಮನೆಗೆ ಮರಾಠಿ ಕಾಗದ’ ಎಂದು ಕಟ್ಟೆಯ ಮೇಲೆ ಎಲ್ಲರಿಗೂ ಹೇಳಿಕೊಂಡು ಬಂದ. ನನಗೆ ತಲೆ ಎತ್ತಲಾಗದಂತಾಯಿತು.

ನಿನ್ನ ಮೇಲೆ ಸಿಟ್ಟಿಲ್ಲ. ನಿನಗೆ ಅಕ್ಷರದ ಭೇದ ತಿಳಿಯದು, ನಿನ್ನ ತಪ್ಪೇನು? ಮುಂದೆ ಹೀಗಾಗದಂತೆ ನೋಡಿಕೋ. ಕನ್ನಡ ಬರೆಯುವವರು ಸಿಗುವ ತನಕ ಪತ್ರ ಬರದಿದ್ದರೂ ನಡೆದೀತು.

ಇಂತಿ ಅಣ್ಣ


ಶಹಾಡ್
೧೦ ನವೆಂಬರ್ ೧೯೮೧

ವಾರಿಜಾ ತಂಗೀ,

ಡೊಂಬಿವಲಿ ರಾಜ್ಯೋತ್ಸವದಾಗ ನಿನ್ನ ಭೆಟ್ಟಿ ಆಗಿದ್ದು ಭಾಳ ಚಲೋ ಆತು. ಆವತ್ತು ಗದ್ದಲದಾಗ ನಾ ಯಾಕ ಅತ್ತೆ ಅಂತ ಹೇಳಲಿಕ್ಕೆ ಆಗಲಿಲ್ಲ. ನನ್ನ ಪತ್ರ ಅಣ್ಣ ಓದಲೇ ಇಲ್ಲ. ಅಕ್ಷರ ನೋಡಿ ಮಡಚಿ ವಾಪಸ ಕಳಿಸಿದ. ಇವರು ಅಣ್ಣನ ಕಾಗದ ಓದಿ ಹೇಳೂ ಮುಂದ ನಾ ರೊಟ್ಟಿ ಬಡೀಲಿಕ್ಕೆ ಹತ್ತಿದ್ದೆ. ಬಡಕೋತನ ಕೂತೆ. ಮಾರಿ ಎತ್ತಲಿಲ್ಲ.

ನೀ ಕೊಟ್ಟ ಅಂಕಲಿಪಿ ಹಿಡದೀನಿ. ಮರಾಠಿ ಅಕ್ಷರದ ಮಗ್ಗಲಕ್ಕ ಕನ್ನಡ ಅಕ್ಷರ ಬರದು ಜೋಡಿ ಹಚ್ಚಿಕೊಂಡೀನಿ. क ಅಂದ್ರ ಕ, म ಅಂದ್ರ ಮ. ಎಲ್ಲಾ ಜೋಡಿ ಆಗ್ತಾವ, ಒಂದೆರಡು ಮಾತ್ರ ಹೆಚ್ಚಿಗಿ ಉಳೀತಾವ. ಎ ಏ, ಒ ಓ ಅಂತ ಎರಡೆರಡು ಯಾಕೋ ತಿಳೀದು. ಮರಾಠಿಯೊಳಗ ಒಂದೊಂದ ಅದ, ಅದರಾಗ ಎಲ್ಲಾ ನಡೀತದ. ನಾ ಸಣ್ಣದ ಹಿಡಕೊಂಡು ಹೊಂಟೀನಿ, ಬರಿಲಿಕ್ಕೆ ಹಗುರ ಅದ.

ಒಂದು ಆಣಿ ಮಾಡೀನಿ. ಬರದಾಕಿ ನಾನ ಅಂತ ಅಣ್ಣಗ ಈಗ ಹೇಳಂಗಿಲ್ಲ. ನನ್ನ ಒಂದು ಪತ್ರ ಒಂದೂ ಕೆಂಪು ಗುರುತಿಲ್ಲದ ವಾಪಸ ಬರಬೇಕು. ಅವತ್ತ ಹೇಳೂದು. ಅಲ್ಲೀ ತನಕ ನೀನೂ ಬಾಯಿ ಬಿಡಬ್ಯಾಡ.

ರುದ್ರಕ್ಕ


ಶಹಾಡ್
೨೮ ಮಾರ್ಚ್ ೧೯೮೨

ಪೂಜ್ಯ ಅಣ್ಣನವರಿಗೆ ತಂಗಿ ರುದ್ರವ್ವನ ಶರಣು. ನಾವು ಎಲ್ಲರು ಕ್ಷೆಮ. ಉಗಾದಿ ಚಲೊ ಆಯಿತು. ಹೊಳಿಗಿ ಮಾಡಿದೆವು. ಬೆವಿನ ಗಿಡ ಇಲ್ಲಿ ಹತ್ತರ ಇಲ್ಲ, ಬೆವು ಪೆಟಿಯಿಂದ ತಂದೆವು. ಇವರು ದಿನಾ ಕಂಪನಿಗೆ ಹೊಗತಾರೆ. ವಾರಿಜಾ ಹೊದ ಮೆಲೆ ಪತ್ರ ಬರೆಯುವವರು ಇರಲಿಲ್ಲ. ಇಗ ಬಾಜು ಖೊಲಿ ಶಂಭು ಅನ್ನುವವರು ಬರೆದು ಕೊಟ್ಟಾರೆ. ಅವರು ಹೊಸದಾಗಿ ಕಲಿತವರು. ತಪ್ಪು ಇದ್ದರೆ ಸಿಟ್ಟು ಮಾಡಬೆಡಿರಿ. ಈ ಪತ್ರ ಒದಿರಿ. ಪುರಾ ಒದಿರಿ. ಒದಿದ ಮೆಲೆ ಉತ್ತರ ಬರೆಯಿರಿ.

ರುದ್ರವ್ವ


ಸಣ್ಣಬೇವೂರ
೧೧ ಏಪ್ರಿಲ್ ೧೯೮೨

|| ಶ್ರೀ ಬಸವೇಶ್ವರ ಪ್ರಸನ್ನ ||

ಚಿ. ಸೌ. ರುದ್ರವ್ವಳಿಗೆ ಆಶೀರ್ವಾದಗಳು.

ಕನ್ನಡದಲ್ಲಿ ಬರೆಯಿಸಿದ್ದಕ್ಕೆ ಸಂತೋಷ. ಆದರೆ ಈ ಶಂಭುವನ್ನು ಎಲ್ಲಿಂದ ಹಿಡಿದು ತಂದೆ? ಅಂಗೈ ಅಗಲದ ಪತ್ರದಲ್ಲಿ ಹದಿನೆಂಟು ತಪ್ಪು! ಮೂವತ್ತಾರು ವರ್ಷದ ಸೇವೆಯಲ್ಲಿ ನನ್ನ ಕೆಂಪು ಶಾಯಿ ಇಷ್ಟು ಖರ್ಚಾದದ್ದಿಲ್ಲ. ಈ ಮನುಷ್ಯನಿಗೆ ದೀರ್ಘವೆಂಬುದೇ ಗೊತ್ತಿಲ್ಲ.

‘ಈ ಪತ್ರ ಒದಿರಿ, ಪುರಾ ಒದಿರಿ’ ಎಂದು ಆ ಮಹಾನುಭಾವನ ಅಪ್ಪಣೆಯಾಗಿದೆ. ಸರಿ, ಅಪ್ಪಣೆಯಂತೆ ನೆಲದ ಮೇಲಿಟ್ಟು ಒಮ್ಮೆ ಒದ್ದೆನು. ‘ಒದಿದ ಮೇಲೆ ಉತ್ತರ ಬರೆಯಿರಿ’ ಎಂದದ್ದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ನಮ್ಮ ಶಾಲೆಯ ಕಿರಿಯ ಮಾಸ್ತರ ವಸಂತಕುಮಾರನಿಗೆ ತೋರಿಸಿದೆ. ಅವನು ಅದನ್ನು ಏಳನೆಯ ಇಯತ್ತೆಯಲ್ಲಿ ಓದಿ ಹೇಳಿದ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಹ್ರಸ್ವ ದೀರ್ಘದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಶಂಭುವಿಗೆ ಹೇಳು, ಆಸೆಗೆ ಕಡಿಮೆಯಿಲ್ಲ, ಆದರೆ ಕೆಲವು ತಲೆಗಳಿಗೆ ಅಕ್ಷರ ಹತ್ತುವುದೇ ಇಲ್ಲ. ಅನುಭವದಿಂದ ಹೇಳುತ್ತಿದ್ದೇನೆ.

ಇಂತಿ ಅಣ್ಣ


ಶಹಾಡ್
೨ ಮಾರ್ಚ್ ೧೯೮೩

ವಾರಿಜಾ ತಂಗೀ,

ನೀನು ಕೇಳಿದ್ದಿ, ‘ಇನ್ನೂ ಹೇಳಲಿಲ್ಲವಾ ರುದ್ರಕ್ಕ’ ಅಂತ. ಇಲ್ಲವ್ವಾ. ಮೊದಲನೇ ಪತ್ರಕ್ಕ ಹದಿನೆಂಟು ಗುರುತು ಬಂದಿದ್ದವು. ಒಂದು ಸಾಲಿ ತುಂಬ ಮಕ್ಕಳು ನಕ್ಕಿದ್ರು. ಆವತ್ತು ಅಂಕಲಿಪಿ ಒಲಿಯೊಳಗ ಹಾಕಬೇಕಂತ ಒಯ್ದಿದ್ದೆ. ಒಲಿ ಮ್ಯಾಲೆ ಹಂಚಿತ್ತು, ಹಂಚಿನ್ಯಾಗ ರೊಟ್ಟಿ ಇತ್ತು. ರೊಟ್ಟಿ ಹೊತ್ತೀತಂತ ಅದನ್ನ ತಿರುವಲಿಕ್ಕೆ ಹೋದೆ, ಪುಸ್ತಕ ಕೈಯಾಗ ಉಳೀತು.

ಆಮ್ಯಾಲೆ ಹನ್ನೊಂದು ಗುರುತು, ಆಮ್ಯಾಲೆ ಏಳು, ಮೂರು, ಹೋದ ಸಲ ಒಂದ ಒಂದು. ರೊಟ್ಟಿ ಬಡಿಯೂ ಮುಂದ ಬಾಯಾಗ ಹೇಳ್ಕೋತೀನಿ: ಒದಿ, ಓದು. ಕೊಡು, ಕೋಡು. ಬೆಳೆ, ಬೇಳೆ. ಇವರು ‘ಏನ ಜಪಾ ನಡಸೀಯೇ’ ಅಂತಾರ.

ಅಣ್ಣ ಮೇ ತಿಂಗಳಿಗೆ ನಿವೃತ್ತಿ ಆಗ್ತಾನ. ಊರಾಗ ದೊಡ್ಡ ಸನ್ಮಾನ ಇಟ್ಟಾರಂತ. ನಾ ಹೋಗಾಕಿ. ಈ ಸಲದ ಪತ್ರ ಆರು ಸಲ ತಿದ್ದಿ ಚೊಕ್ಕ ಮಾಡಿ ಹಾಕೀನಿ. ಕೆಂಪಿಲ್ಲದ ವಾಪಸ ಬಂದ್ರ, ಮಂದಿ ಮುಂದ ಅವನ ಕಾಲಿಗೆ ಬಿದ್ದು ಹೇಳ್ತೀನಿ, ಅಣ್ಣಾ, ಶಂಭು ನಾನ ಅಂತ.

ರುದ್ರಕ್ಕ


ಸಣ್ಣಬೇವೂರ
೪ ಮೇ ೧೯೮೩

|| ಶ್ರೀ ಬಸವೇಶ್ವರ ಪ್ರಸನ್ನ ||

ರಾ. ರಾ. ಶಿವಪುತ್ರಪ್ಪನವರಿಗೆ ಸಿದ್ದಲಿಂಗಪ್ಪನ ಶರಣಾರ್ಥಿಗಳು.

ರುದ್ರವ್ವಳ ಪತ್ರ ತಲುಪಿ ಬಹಳ ದಿನವಾಯಿತು. ಸಮಾರಂಭದ ಗಡಿಬಿಡಿಯಲ್ಲಿ ಉತ್ತರ ತಡವಾಯಿತು, ಕ್ಷಮಿಸಬೇಕು. ಸನ್ಮಾನಕ್ಕೆ ಬರುವುದಾಗಿ ಆಕೆ ಬರೆಯಿಸಿದ್ದಾಳೆ. ಆ ವಿಷಯವಾಗಿ ನಿಮಗೊಬ್ಬರಿಗೇ ಬರೆಯುತ್ತಿದ್ದೇನೆ. ಇದನ್ನು ದಯವಿಟ್ಟು ರುದ್ರವ್ವಳಿಗೆ ಓದಿ ಹೇಳಬೇಡಿರಿ.

ಸಮಾರಂಭ ಇದೇ ೨೯ಕ್ಕೆ, ರವಿವಾರ. ತಹಶೀಲ್ದಾರರು, ಶಿಕ್ಷಣಾಧಿಕಾರಿಗಳು ಬರುತ್ತಾರೆ. ‘ಹೆಬ್ಬೆಟ್ಟಿಲ್ಲದ ಊರು’ ಎಂದು ಊರ ಅಗಸಿಬಾಗಿಲಲ್ಲಿ ಹಲಗೆ ಹಾಕಿಸಿದ್ದಾರೆ. ಮಂಟಪದ ಬಾಗಿಲಲ್ಲಿ ಒಂದು ದೊಡ್ಡ ವಹಿ ಇಟ್ಟು, ಬಂದವರೆಲ್ಲ ಸಹಿ ಮಾಡಿಯೇ ಒಳಗೆ ಬರಬೇಕೆಂದು ವಸಂತಕುಮಾರ ಏರ್ಪಾಡು ಮಾಡಿದ್ದಾನೆ. ಸೈದಪ್ಪನದೇ ಮೊದಲ ಸಹಿ. ಅಂಥ ಹೊತ್ತಿನಲ್ಲಿ ನನ್ನ ಒಡಹುಟ್ಟಿದವಳೇ ಬಂದು ಹೆಬ್ಬೆಟ್ಟು ಚಾಚಿದರೆ ಏನಾದೀತು, ನೀವೇ ಯೋಚಿಸಿರಿ. ನನಗೆ ಬರೆಯಲು ನಾಚಿಕೆಯಾಗುತ್ತಿದೆ, ಆದರೆ ಬರೆಯದೆ ಗತ್ಯಂತರವಿಲ್ಲ. ಕಂಪನಿಯಲ್ಲಿ ರಜೆ ಸಿಗಲಿಲ್ಲವೆಂದು ಆಕೆಗೆ ಹೇಳಿರಿ. ಶ್ರಾವಣದಲ್ಲಿ ಇಬ್ಬರೂ ಬನ್ನಿರಿ, ಸೀರೆ ಕುಪ್ಪಸ ಮಾಡಿ ಕಳಿಸುವೆನು.

ಅಂದಹಾಗೆ ಶಂಭು ಬರೆದ ಪತ್ರವನ್ನು ಇದರೊಡನೆ ಇಟ್ಟಿದ್ದೇನೆ. ಎರಡು ಸಲ ಹುಡುಕಿದೆ, ಒಂದು ತಪ್ಪೂ ಸಿಗಲಿಲ್ಲ! ಮೇಲೆ ‘ಶಾಭಾಸ್’ ಎಂದು ಬರೆದಿದ್ದೇನೆ. ಆತನಿಗೆ ತಪ್ಪದೆ ಮುಟ್ಟಿಸಿರಿ.

ಇಂತಿ
ಸಿದ್ದಲಿಂಗಪ್ಪ


ಶಹಾಡ್
೨೦ ಮೇ ೧೯೮೩

ಅಣ್ಣಾ,

ನಿನ್ನ ಪತ್ರ ಓದಿದೆ. ಇವರಿಗೆ ಬರದದ್ದು, ‘ರುದ್ರವ್ವಳಿಗೆ ಓದಿ ಹೇಳಬೇಡಿರಿ’ ಅಂತ ಬರದದ್ದು. ಯಾರೂ ಓದಿ ಹೇಳಲಿಲ್ಲ. ನನಗ ಸಹಿ ಬರ್ತದಂತ ಗೊತ್ತಿದ್ದರೂ ಇವರು ನಿನ್ನ ಮಾತು ಮೀರಲಿಲ್ಲ, ‘ರಜಾ ಕೊಡಂಗಿಲ್ಲಂತ’ ಅಂದು ಗ್ವಾಡಿ ಕಡೆ ಮಾರಿ ಮಾಡಿ ಮಲಗಿದರು. ಅಂಗಿ ಒಗೀಲಿಕ್ಕೆ ತೊಗೊಂಡೆ, ಕಿಸೆದಾಗ ಕಾಗದ ಇತ್ತು. ಬಚ್ಚಲದಾಗ ನಿಂತು ನಾನ ಓದಿದೆ.

ಶಂಭು ಅನ್ನಾಂವ ಯಾವನೂ ಇಲ್ಲ. ಬಾಜೂ ಖೋಲಿ ಖಾಲಿ ಅದ. ಬರದಾಕಿ ನಾನು. ಹದಿನೆಂಟು ತಪ್ಪು ನನ್ನವು. ‘ಪತ್ರ ಒದಿರಿ’ ಅಂತ ಬರದಾಕಿ ನಾನು. ನಿಮ್ಮ ಏಳನೇ ಇಯತ್ತೆ ಮಕ್ಕಳು ನಕ್ಕಿದ್ದು ನನಗ. ಶಾಭಾಸ್ ಅಂದದ್ದೂ ನನಗ. ಎರಡೂ ಬಂದು ಮುಟ್ಟ್ಯಾವ.

‘ನೀವು’ ಅನ್ನೂದು ಇವತ್ತ ಬಿಟ್ಟೀನಿ. ಸಣ್ಣಾಕಿದ್ದಾಗ ನಿನಗ ‘ನೀ’ ಅಂತಿದ್ದೆ. ಆವಾಗಿಂದ ಒಂದು ಮಾತು ಕೇಳೂದು ಉಳದದ. ನೀ ಧಾರವಾಡದಾಗ ಟ್ರೇನಿಂಗ್ ಮುಗಿಸಿ ಬಂದು ಹೊಸದಾಗಿ ಮಾಸ್ತರ ಆಗಿದ್ದಿ. ನನಗ ಎಂಟು ವರ್ಷ. ನಾ ‘ಅ’ ಅನ್ನೂದನ್ನ ತಿರುಗಾ ಮುರುಗಾ ಬರದೆ. ನೀ ನನ್ನ ಪಾಟಿ ಮ್ಯಾಲೆ ದೊಡ್ಡ ಸೊನ್ನಿ ಬರದು, ಅದನ್ನ ನನ್ನ ಕೊಳ್ಳಾಗ ಕಟ್ಟಿ, ಓಣಿ ಹಿಡದು ಮನೀ ತನಕ ನಡಸ್ಕೊಂಡು ಬಂದಿ. ಅಪ್ಪಗ ‘ಇದರ ತಲಿಗೆ ಅಕ್ಷರ ಹತ್ತೂದಿಲ್ಲ’ ಅಂದಿ. ಅಲ್ಲಿಗೆ ಮುಗೀತು. ನಿನಗ ಮರತು ಹೋಗಿರಬೇಕು. ನೀ ಕಟ್ಟಿದ ಆ ಸೊನ್ನಿ ನಾ ಮುವತ್ತೆಂಟು ವರ್ಷ ಹೊತ್ತೀನಿ ಅಣ್ಣಾ. ಯಾರರೆ ಪೇಪರ ಓದಲಿಕ್ಕೆ ಹತ್ತಿದರ ಎದ್ದು ಒಳಗ ಹೋಗ್ತಿದ್ದೆ. ಬಸ್ಸಿನ ಬೋರ್ಡ ಕೇಳಲಿಕ್ಕೆ ನಾಚಿ ಎಷ್ಟ ಸಲ ನಡಕೋತ ಹೋಗೀನಿ.

ನಿನಗ ಹೇಳದ ಯಾಕ ಕಲತೆ ಅಂತ ಕೇಳ್ತಿ ನೀ. ಮೊದಲ ನಿನಗ ಹೇಳೀನಿ. ಎರಡು ವರ್ಷದ ಹಿಂದ ನೀ ಓದದ ವಾಪಸ ಕಳಿಸಿದ ಬಾಳಬೋಧ ಪತ್ರ ಇದರೊಳಗ ಇಟ್ಟೀನಿ. ಮರಾಠಿ ಅಲ್ಲ ಅದು. ಮೊದಲನೇ ಸಾಲು ಒಂದ ಓದಿದರೂ ಸಾಕು.

ಹೆದರಬ್ಯಾಡ, ನಾ ಬರಾಂಗಿಲ್ಲ. ನೀ ಭಾಷಣ ಮಾಡು. ಊರಾಗ ಹೆಬ್ಬೆಟ್ಟು ಒಂದೂ ಇಲ್ಲ ಅಂತ ಹೇಳು. ಖರೇನ ಅದ, ಸುಳ್ಳಲ್ಲ. ಆದ್ರ ಒಬ್ಬಾಕಿಗೆ ನೀ ಕಲಿಸಿಲ್ಲ.

ರುದ್ರವ್ವ ಶಿವಪುತ್ರಪ್ಪ
(ಇದು ನನ್ನ ಸಹಿ)


ಸಣ್ಣಬೇವೂರ
೩ ಜೂನ್ ೧೯೮೩

ರುದ್ರಾ,

ಏನೆಂದು ಪ್ರಾರಂಭಿಸಬೇಕೋ ತಿಳಿಯದು. ಐದು ಹಾಳೆ ಹರಿದು ಹಾಕಿದ್ದೇನೆ.

ನಿನ್ನ ಲಕೋಟೆ ೨೭ಕ್ಕೆ ಬಂದಿತು. ಎರಡೂ ಪತ್ರಗಳನ್ನು ಹಿತ್ತಲಿನಲ್ಲಿ ಕುಳಿತು ಮೂರು ಸಲ ಒದಿದೆನು. ‘ಅಣ್ಣಾ, ಇದು ನನ್ನ ಕೈ.’ ಬಾಳಬೋಧದಲ್ಲಿ ಆ ನಾಲ್ಕು ಶಬ್ದ ಎಷ್ಟು ಒತ್ತಿ ಬರೆದಿದ್ದೀ ಎಂದರೆ ಹಾಳೆಯ ಹಿಂಬದಿಗೆ ಅಕ್ಷರಗಳು ಕೈಗೆ ಹತ್ತುತ್ತವೆ. ಅಂದು ಮಡಚುವ ಮುನ್ನ ಒಂದು ಕ್ಷಣ ಕಣ್ಣಾಡಿಸಿದ್ದರೆ ಸಾಕಿತ್ತು. ಕಟ್ಟೆಯ ಮೇಲಿನವರು ಏನೆಂದಾರು ಎಂಬುದೇ ನನಗೆ ದೊಡ್ಡದಾಯಿತು.

ಸಮಾರಂಭ ನಡೆಯಿತು. ನೀನು ಕೇಳಿಲ್ಲ, ಆದರೂ ಬರೆಯಬೇಕು. ಹೊಸ ಕೋಟಿನ ಒಳಗಿಸೆಯಲ್ಲಿ ನಿನ್ನ ಪತ್ರವಿತ್ತು. ಮಾತಿಗೆ ಎದ್ದು ನಿಂತೆ. ಹೇಳಬೇಕೆಂದೇ ನಿಂತಿದ್ದೆ. ‘ನನ್ನ ತಂಗಿಯೊಬ್ಬಳು ಶಹಾಡದಲ್ಲಿ ರೊಟ್ಟಿ ಬಡಿಯುತ್ತ, ಗಂಡನ ಬೇನೆ ನೋಡಿಕೊಳ್ಳುತ್ತ, ಎರಡು ಲಿಪಿ ಕಲಿತಿದ್ದಾಳೆ’ ಎಂಬ ವಾಕ್ಯವನ್ನು ಹಿಂದಿನ ದಿನವೇ ಹೊಂದಿಸಿ ಇಟ್ಟಿದ್ದೆ. ಮುಂದಿನ ಸಾಲಿನಲ್ಲಿ ತಹಶೀಲ್ದಾರರು. ಅವರ ಮಗ್ಗುಲಿಗೆ ಸೈದಪ್ಪ, ಹೊಸ ರುಮಾಲು ಸುತ್ತಿಕೊಂಡು. ಆ ವಾಕ್ಯವನ್ನು ಬಿಟ್ಟೆ ರುದ್ರಾ. ಬರೆದಿಟ್ಟಿದ್ದ ಹಳೆಯ ಭಾಷಣವನ್ನೇ ಓದಿದೆ. ‘ನನ್ನ ಕಣ್ಣೆದುರಿಗೆ ಅಕ್ಷರವಿಲ್ಲದೆ ಯಾರನ್ನೂ ಬಿಡಲಿಲ್ಲ’ ಎಂದೆ. ಚಪ್ಪಾಳೆ ನಿಲ್ಲಲೇ ಇಲ್ಲ. ಹಾರ ಹಾಕುವಾಗ ಕಿಸೆಯಲ್ಲಿ ಕಾಗದ ಸಪ್ಪಳ ಮಾಡಿತು. ಇಷ್ಟು ವರ್ಷದಲ್ಲಿ ಇಂಥ ನಾಚಿಕೆ ನನಗೆ ಆಗಿರಲಿಲ್ಲ. ಶಾಲನ್ನು ಬಿಡಿಸಿ ಸಹ ನೋಡಿಲ್ಲ.

ಮರೆತು ಹೋಗಿರಬೇಕು ಎಂದು ಬರೆದಿದ್ದೀ. ಮರೆತಿಲ್ಲ. ಅದರ ಮರುದಿನ ಶಾಲೆಗೆ ಇನ್‌ಸ್ಪೆಕ್ಟರರು ಬರುವವರಿದ್ದರು. ಸ್ವಂತ ತಂಗಿಗೆ ‘ಅ’ ಕಲಿಸಲಾಗದ ಮಾಸ್ತರ ಎನಿಸಿಕೊಳ್ಳುವ ಹೆದರಿಕೆ ನನಗೆ. ಅವರು ಬಂದು ಹೋದ ಮೇಲೆ ಅಪ್ಪ ಕೇಳಿದ, ‘ಹುಡುಗೀನ ಮತ್ತ ಸಾಲಿಗೆ ಕಳಸೂದೇನೋ?’ ಎಂದು. ನೀನು ಬಾಗಿಲ ಹಿಂದೆ ನಿಂತಿದ್ದೆ, ನಿನ್ನ ಕಾಲು ಕಾಣುತ್ತಿತ್ತು. ನಾನು ‘ಬ್ಯಾಡ’ ಅಂದೆ. ಅದನ್ನು ಈ ತನಕ ಯಾರಿಗೂ ಹೇಳಿಲ್ಲ. ಆಮೇಲೆ ಊರ ತುಂಬ ತಿರುಗಿ ಮುದುಕರ ಕೈಗೂ ಬಳಪ ಕೊಟ್ಟೆ. ನಿನ್ನ ಕೈಗೆ ಕೊಡಲು ಮಾತ್ರ ಮುಖವಿರಲಿಲ್ಲ.

ಅಂದು ಪತ್ರವನ್ನು ಒದ್ದೆನೆಂದು ಬರೆದದ್ದು ಬರಿಯ ಚೇಷ್ಟೆಯಲ್ಲ. ನಿಜವಾಗಿಯೂ ನೆಲಕ್ಕಿಟ್ಟು ಕಾಲಿನಿಂದ ಒದ್ದಿದ್ದೆ, ವಸಂತಕುಮಾರನನ್ನು ನಗಿಸಲು. ಅಂದು ನಕ್ಕ ಮಕ್ಕಳು ಪಾಸಾಗಿ ಶಾಲೆ ಬಿಟ್ಟು ಹೋದರು. ಯಾರ ಪತ್ರಕ್ಕೆ ನಕ್ಕೆವು ಎಂಬುದು ಅವರಿಗೆ ಗೊತ್ತೇ ಆಗುವುದಿಲ್ಲ.

ಬಾಳಬೋಧ ಪತ್ರದಲ್ಲಿ ನೀನು ಬರೆದ, ನಿನಗೆ ಕಲಿಸಿದ ಆ ಮರಾಠಿ ಬಾಯಿಯವರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನನ್ನು ಬಾ ಎನ್ನುವ ಅಧಿಕಾರ ನನಗಿಲ್ಲ. ಬೇಡವೆಂದವನೇ ನಾನು. ಆದರೂ ಬರೆಯುತ್ತಿದ್ದೇನೆ, ಬಾ.

ನಿನ್ನ ಅಣ್ಣ
ಸಿದ್ದಲಿಂಗಪ್ಪ


ಶಹಾಡ್
೧೯ ಜೂನ್ ೧೯೮೩

ಪೂಜ್ಯ ಅಣ್ಣನವರಿಗೆ ತಂಗಿ ರುದ್ರವ್ವನ ಶರಣು ಶರಣಾರ್ಥಿ.

ಹೋದ ಪತ್ರದಾಗ ‘ನೀ’ ಅಂದದ್ದಕ್ಕ ಸಿಟ್ಟಾಗಬಾರದು. ಆವತ್ತಿನ ಮಟ್ಟಿಗೆ ಅಂದೆ. ನಿಮ್ಮ ಪತ್ರ ಇವರ ಮುಂದ ದೊಡ್ಡ ದನೀಲೆ ಓದಿದೆ. ಇವರು ಕೇಳಿ, ಕಣ್ಣು ವರಸ್ಕೊಂಡು, ‘ಇಷ್ಟು ಚಲೋ ಓದ್ತೀಯಲ್ಲ, ನನ್ನ ಕಡೆ ಯಾಕ ಓದಿಸ್ತಿದ್ದಿ ಇಷ್ಟು ದಿವಸ’ ಅಂತ ನನಗ ಬೈದರು. ಶಂಭು ಸಮಾಜ ಮಂದಿರದಾಂವ ಅಂತ ಇವರಿಗೂ ಸುಳ್ಳು ಹೇಳಿದೆ, ಬಾಜೂ ಖೋಲಿಯಾಂವ ಅಂತ ನಿಮಗೂ ಹೇಳಿದೆ. ಇಲ್ಲದ ಶಂಭುನ್ನ ಹುಟ್ಟಿಸಿ ವರ್ಷಗಟ್ಟಲೆ ಬೈಸಿದೆ. ಅದರ ನಾಚಿಕಿ ನನಗೂ ಅದ. ನಿಮ್ಮೊಬ್ಬರದ ಅಂತ ತಿಳ್ಕೋಬ್ಯಾಡ್ರಿ.

ಬಾಗಲ ಹಿಂದ ನನ್ನ ಕಾಲು ನಿಮಗ ಕಾಣತಿತ್ತು ಅನ್ನೂದು ನನಗ ಗೊತ್ತಿರಲಿಲ್ಲ. ನೀವು ‘ಬ್ಯಾಡ’ ಅಂದದ್ದು ನನಗ ಕೇಳಿಸಿತ್ತು.

ಶ್ರಾವಣಕ್ಕ ಬರ್ತೀವಿ. ಕಲ್ಯಾಣ ಸ್ಟೇಶನ್ನಿನ್ಯಾಗ ರಿಝರ್ವೇಶನ್ ಫಾರ್ಮು ನಾನ ತುಂಬಿದೆ. ಕಿಡಕಿಯಾಗಿನಾಂವ ನೋಡಿ ‘ಮಾವಶೀ, ಅಕ್ಷರ ಚಾಂಗಲಂ ಆಹೆ’ ಅಂದ, ಅಕ್ಷರ ಚಲೋ ಅದ ಅಂತ. ಸೀರಿ ಕುಪ್ಪಸ ಬ್ಯಾಡ. ಸಹಿ ಮಾಡೂ ಆ ದೊಡ್ಡ ವಹಿ ಎಲ್ಲಿ ಇಟ್ಟಾರ ನೋಡಿ ಇಡ್ರಿ.

ನಿಮ್ಮ ಪತ್ರ ಇದರೊಳಗ ವಾಪಸ ಕಳಿಸೀನಿ. ಕೆಂಪು ಶಾಯಿ ನಮ್ಮ ಮನ್ಯಾಗ ಇಲ್ಲ, ಕುಂಕುಮ ಕಲಿಸಿ ಕಡ್ಡೀಲೆ ಗುರುತು ಮಾಡೀನಿ. ‘ಮೂರು ಸಲ ಒದಿದೆನು’ ಅಂತ ಬರದೀರಿ. ಬೇಕಂತ ಬರದ್ರೋ, ಕಣ್ಣು ಮಂಜಾಗಿ ದೀರ್ಘ ಬಿಟ್ಟಿರೋ, ನಾ ಕೇಳಂಗಿಲ್ಲ. ಅದೊಂದ ತಪ್ಪು. ಉಳದದ್ದೆಲ್ಲಾ ಓದಿದೆ.

ರುದ್ರವ್ವ